ಕೆರೆ ದಂಡೆಯ ರೋಗಶಾಸ್ತ್ರ

ಕೆರೆಯಲ್ಲಿ ಸತ್ತು ತೇಲಿದ ಮೀನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಬಿಸಿಲಿನಲ್ಲಿ ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ದಾವಣಗೆರೆಗೆ ತರುವವರಿಗೆ ಮೀನು ರೋಗಶಾಸ್ತ್ರಜ್ಞನಾದ ನಾನು ಹೇಳಬೇಕಾಗುವ ಮೊದಲ ಮಾತು ಹಿತವಾದದ್ದಲ್ಲ. ಆ ಮೀನು ನನ್ನ ಉಪಯೋಗಕ್ಕೆ ಬರುವುದಿಲ್ಲ. ಮೀನು ಸತ್ತ ಗಳಿಗೆಯಿಂದಲೇ ಅದರ ಜೀರ್ಣರಸಗಳು ಅದರದೇ ಅಂಗಾಂಗಗಳನ್ನು ಕರಗಿಸತೊಡಗುತ್ತವೆ. ಕಿವಿರುಗಳ ತೆಳುಪೊರೆ ಕಳಚಿಕೊಳ್ಳುತ್ತದೆ. ಅಲ್ಲಿಯವರೆಗೆ ಕರುಳಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಮೂತ್ರಪಿಂಡಕ್ಕೂ ಯಕೃತ್ತಿಗೂ ಹರಡಿಬಿಡುತ್ತವೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಇದಿಷ್ಟಕ್ಕೆ ಒಂದೆರಡು ಗಂಟೆ ಸಾಕು. ಅಂಥ ಮೀನಿನ ಮೂತ್ರಪಿಂಡದಿಂದ ಮಾದರಿ ತೆಗೆದು ಬೆಳೆಸಿದರೆ ಬ್ಯಾಕ್ಟೀರಿಯಾ ಖಂಡಿತ ಬೆಳೆಯುತ್ತದೆ. ಅದು ಮೀನನ್ನು ಕೊಂದದ್ದೋ, ಸತ್ತ ಮೇಲೆ ಸೇರಿಕೊಂಡದ್ದೋ ಎಂಬುದನ್ನು ಮಾತ್ರ ಯಾವ ಪರೀಕ್ಷೆಯೂ ಬೇರ್ಪಡಿಸಿ ಹೇಳಲಾರದು. ಮೈಮೇಲಿದ್ದ ಪರಾವಲಂಬಿಗಳಲ್ಲಿ ಎಷ್ಟೋ ಮೀನು ಸತ್ತ ಸ್ವಲ್ಪ ಹೊತ್ತಿಗೇ ಬಿಟ್ಟು ಹೋಗಿರುತ್ತವೆ.

ನನಗೆ ಬೇಕಾಗಿರುವುದು ಸಾಯುತ್ತಿರುವ, ಇನ್ನೂ ಸಾಯದ ಮೀನು. ಬದಿಗೆ ಬಂದು ವಾಲಿಕೊಂಡು ಈಜುತ್ತಿರುವ, ಕೈ ಹಾಕಿದರೆ ತಪ್ಪಿಸಿಕೊಳ್ಳಲಾರದ ನಾಲ್ಕೈದು ಮೀನುಗಳನ್ನು ಅದೇ ಕೆರೆಯ ನೀರಿನಲ್ಲಿ, ಚೀಲದ ಮುಕ್ಕಾಲು ಭಾಗ ಗಾಳಿ ಬಿಟ್ಟು ತರಬೇಕು. ಅವುಗಳ ಜೊತೆಗೆ ನೋಡಲು ಚೆನ್ನಾಗಿರುವ ಒಂದೆರಡು ಮೀನನ್ನೂ, ಬೇರೆ ಬಾಟಲಿಯಲ್ಲಿ ನೀರನ್ನೂ ತರಬೇಕು. ಇಷ್ಟನ್ನು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಒಂದು ಮೌನ ಬರುತ್ತದೆ. ಚೆನ್ನಾಗಿರುವ ಮೀನನ್ನೇಕೆ ಕೊಲ್ಲಬೇಕು ಎಂಬುದು ಆ ಮೌನದೊಳಗಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆರೋಗ್ಯವಾಗಿರುವ ಮೀನಿನ ಕಿವಿರು ಆ ನೀರಿನಲ್ಲಿ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ರೋಗಿಯ ಕಿವಿರಿನಲ್ಲಿ ಏನು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ.

ಮೀನು ರೋಗಶಾಸ್ತ್ರಜ್ಞನ ಕೆಲಸವೆಂದರೆ ಏನು ಎಂದು ನೆಂಟರಿಷ್ಟರು ಕೇಳಿದಾಗ ‘ಮೀನಿನ ಡಾಕ್ಟರು’ ಎಂದು ಹೇಳಿ ಮುಗಿಸುವುದು ಅನುಕೂಲ. ಕೇಳಿದವರು ನಕ್ಕು, ಮೀನಿಗೆ ಇಂಜೆಕ್ಷನ್ ಎಲ್ಲಿ ಕೊಡುತ್ತೀರಿ ಎನ್ನುತ್ತಾರೆ. ಆದರೆ ಆ ಹೆಸರಿನಿಂದ ಒಂದು ನಿರೀಕ್ಷೆಯೂ ಹುಟ್ಟಿಕೊಳ್ಳುತ್ತದೆ: ಡಾಕ್ಟರು ಎಂದ ಮೇಲೆ ಔಷಧ ಬರೆದುಕೊಡಬೇಕು. ಈ ವೃತ್ತಿಯಲ್ಲಿ ಇಷ್ಟು ಕಾಲ ಕಳೆದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ಈ ಕೆಲಸದ ಬಹುಪಾಲು ವಿದ್ಯೆ ಔಷಧ ಬೇಡ ಎಂದು ಧೈರ್ಯವಾಗಿ ಹೇಳುವುದಕ್ಕೆ ಬೇಕಾದ ಪುರಾವೆಯನ್ನು ಹುಡುಕುವುದರಲ್ಲಿಯೇ ಖರ್ಚಾಗುತ್ತದೆ. ಕೆರೆ, ಹೊಂಡಗಳಲ್ಲಿ ಒಮ್ಮೆಲೇ ಆಗುವ ಸಾವುಗಳಲ್ಲಿ ಎಷ್ಟೋ ರೋಗದಿಂದ ಆದವುಗಳಲ್ಲ. ರೋಗವಿದ್ದಾಗಲೂ ಅದರ ಹಿಂದೆ ನೀರಿನದೋ ಮನುಷ್ಯನದೋ ಒಂದು ಕಾರಣ ಇದ್ದೇ ಇರುತ್ತದೆ. ಪೋಲೆಂಡ್ ಮೂಲದ ಅಮೆರಿಕದ ವಿಜ್ಞಾನಿ ಎಸ್.ಎಫ್. ಸ್ನಿಯೆಸ್ಕೊ 1974ರಲ್ಲಿ ಮೀನು, ರೋಗಾಣು, ಪರಿಸರ ಎಂಬ ಮೂರು ವೃತ್ತಗಳು ಒಂದರ ಮೇಲೊಂದು ಬಿದ್ದಾಗ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ ಎಂದು ವಿವರಿಸಿದ್ದು ಇಂದಿಗೂ ಈ ವಿಷಯದ ಮೊದಲ ಪಾಠ. ಪರೀಕ್ಷೆಯಲ್ಲಿ ಆ ಚಿತ್ರವನ್ನು ಬರೆದು ಅಂಕ ಪಡೆಯುವುದು ಸುಲಭ. ಗುತ್ತಿಗೆ ಹಣ ಕಟ್ಟಿ ಕೂತವರ ಮುಂದೆ ಅದನ್ನು ಒಪ್ಪಿಸುವುದು ಬೇರೆಯೇ ವಿದ್ಯೆ.

ಹಾಗಾಗಿ ಮೀನನ್ನು ನೋಡುವ ಮೊದಲು ನಾನು ಜನರನ್ನು ಕೇಳುತ್ತೇನೆ. ಸಾವು ಯಾವ ಹೊತ್ತಿನಲ್ಲಿ ಕಂಡಿತು? ದೊಡ್ಡ ಮೀನು ಮೊದಲು ಸತ್ತವೋ, ಸಣ್ಣವೋ? ಕಾಟ್ಲಾ ಮಾತ್ರವೋ, ಎಲ್ಲ ಜಾತಿಯವೂ ಸತ್ತವೋ? ಕಪ್ಪೆ, ನೀರುಹಾವು, ಬಸವನಹುಳು ಸತ್ತಿವೆಯೋ? ಹಿಂದಿನ ದಿನ ಮೋಡವಿತ್ತೋ? ಈ ಪ್ರಶ್ನೆಗಳಿಗೆ ಬರುವ ಉತ್ತರಗಳೇ ಅರ್ಧ ರೋಗನಿರ್ಣಯ. ಬೆಳಗಿನ ಜಾವ, ಒಂದೇ ಸಲಕ್ಕೆ, ದೊಡ್ಡ ಮೀನುಗಳು ಮೊದಲು ಸತ್ತಿದ್ದರೆ ಅದು ಆಮ್ಲಜನಕದ ಕೊರತೆ. ಮೀನಿನ ಜೊತೆಗೆ ಕಪ್ಪೆಗಳೂ ನೀರಿನ ಹುಳುಗಳೂ ಸತ್ತು ಬಿದ್ದಿದ್ದರೆ, ಅದೂ ಪಕ್ಕದಲ್ಲಿ ಗದ್ದೆಯೋ ತೋಟವೋ ಇದ್ದರೆ, ಕೀಟನಾಶಕದ ಕಡೆಗೆ ನೋಡಬೇಕು. ಒಂದೇ ಜಾತಿಯ ಮೀನು, ಮೊದಲ ದಿನ ಎರಡು, ಮರುದಿನ ಹತ್ತು, ಆಮೇಲೆ ಮೂವತ್ತು ಎಂಬಂತೆ ಏರುತ್ತ ಹೋಗಿದ್ದರೆ ಆಗ ಅದು ಸೋಂಕು ಇರಬಹುದು. ಬೆಸ್ತರ ಮನೆಗಳ ಹಿರಿಯರು ಇಂಥ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುತ್ತಾರೆ. ಬಲೆ ಬಿಡುವವರು ನೀರಿನ ಬಣ್ಣ, ವಾಸನೆ, ಮೀನಿನ ನಡತೆ ಇವನ್ನು ದಿನವೂ ಗಮನಿಸಿರುತ್ತಾರೆ. ದಂಡೆಯ ಮೇಲೆ ನಿಂತು ಲೆಕ್ಕ ಬರೆಯುವ ಗುತ್ತಿಗೆದಾರರಿಗೆ ಸತ್ತ ಮೀನಿನ ತೂಕ ಗೊತ್ತಿರುತ್ತದೆ, ಸತ್ತ ಹೊತ್ತು ಗೊತ್ತಿರುವುದಿಲ್ಲ.

ಆಮ್ಲಜನಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಹೊಂಡಗಳಲ್ಲಿ ಮೀನು ಸಾಯುವ ಕಥೆ ಹೆಚ್ಚಾಗಿ ಇದೇ. 30 ಡಿಗ್ರಿ ಬಿಸಿಯ ನೀರು, ಸಮುದ್ರಮಟ್ಟದಲ್ಲಿ ಕೂಡ, ಒಂದು ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಾದರೆ ಒಂಬತ್ತಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಮೀನಿಗೆ ಹೆಚ್ಚು ಉಸಿರು ಬೇಕಾಗುವ ಬೇಸಿಗೆಯಲ್ಲಿಯೇ ನೀರಿನ ಶಕ್ತಿ ಕಡಿಮೆ. ಹಸಿರುಗಟ್ಟಿದ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿಯ ಕಣಗಳು ಹಗಲೆಲ್ಲ ಆಮ್ಲಜನಕವನ್ನು ಉತ್ಪಾದಿಸುತ್ತವೆ, ರಾತ್ರಿಯೆಲ್ಲ ಅವೂ ಮೀನಿನ ಜೊತೆಗೆ ಅದನ್ನೇ ಉಸಿರಾಡುತ್ತವೆ. ಹೀಗಾಗಿ ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಹೊಂಡದ ಆಮ್ಲಜನಕ ತಳ ಮುಟ್ಟಿರುತ್ತದೆ. ಎರಡು ದಿನ ಮೋಡ ಕವಿದು ಹಗಲಿನ ಉತ್ಪಾದನೆ ಕುಸಿದರೆ, ಅಥವಾ ಪಾಚಿಯೇ ಸತ್ತು ಕೊಳೆಯತೊಡಗಿದರೆ, ಮೂರನೆಯ ದಿನದ ಬೆಳಗಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿರುತ್ತವೆ. ಲೀಟರಿಗೆ ಐದು ಮಿಲಿಗ್ರಾಂ ಇದ್ದರೆ ಗೆಂಡೆ ಜಾತಿಯ ಮೀನು ನೆಮ್ಮದಿಯಾಗಿರುತ್ತದೆ. ಮೂರಕ್ಕಿಂತ ಕೆಳಗಿಳಿದರೆ ಮೇವು ಬಿಡುತ್ತದೆ. ಅದಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಂತರೆ ಸಾಯುತ್ತದೆ. ಇದನ್ನೆಲ್ಲ ಅಳೆಯುವ ಮೀಟರನ್ನು ತೆಗೆದುಕೊಂಡು ನಾನು ಹತ್ತು ಗಂಟೆಗೆ ಹೋದರೆ ಅದು ಆರೋ ಏಳೋ ಎಂದು ತೋರಿಸುತ್ತದೆ. ಆ ಹೊತ್ತಿಗೆ ಬಿಸಿಲು ಬಂದು, ಪಾಚಿ ತನ್ನ ಕೆಲಸ ಶುರುಮಾಡಿ, ಅಪರಾಧದ ಗುರುತೇ ಅಳಿಸಿಹೋಗಿರುತ್ತದೆ. ಆದ್ದರಿಂದ ಈ ಕೆಲಸದವರು ನಾಲ್ಕು ಗಂಟೆಗೆ ಎದ್ದು ಕತ್ತಲಲ್ಲಿ ಹೊರಡುವುದನ್ನು ರೂಢಿ ಮಾಡಿಕೊಳ್ಳಬೇಕು. ಮನೆಯವರಿಗೂ ರೂಢಿ ಮಾಡಿಸಬೇಕು.

ಹಿರಿಯೂರಿನ ಕಡೆ ದಾಳಿಂಬೆ ಬೆಳೆಯುವ ಒಬ್ಬರ ಕೃಷಿಹೊಂಡಕ್ಕೆ ಹಾಗೆ ಹೋದದ್ದು ನೆನಪಿದೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳು ಸಾಕಷ್ಟು ಆದವು; ನೀರು ನಿಂತ ಮೇಲೆ ಮೀನುಮರಿ ಬಿಡುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಪ್ಲಾಸ್ಟಿಕ್ ಹೊಂಡದಲ್ಲಿ ತಳದ ಮಣ್ಣಿಲ್ಲ. ಮಣ್ಣಿಲ್ಲದ ಕಡೆ ಮೀನಿಗೆ ತಾನಾಗಿ ಸಿಗುವ ಆಹಾರ ಕಡಿಮೆ, ಹಾಕಿದ ಮೇವು ಮತ್ತು ಮೀನಿನ ಹೇಲು ಕೊಳೆತು ಆಗುವ ಅಮೋನಿಯವನ್ನು ಅರಗಿಸಿಕೊಳ್ಳುವ ಶಕ್ತಿಯೂ ಕಡಿಮೆ. ಆ ಹೊಂಡಕ್ಕೆ ಹಿಡಿಯುವುದಕ್ಕಿಂತ ಎಷ್ಟೋ ಹೆಚ್ಚು ಮರಿ ಬಿಟ್ಟಿದ್ದರು. ದಂಡೆಯ ಮೇಲೆ ಗೊಬ್ಬರದಂಗಡಿಯಿಂದ ತಂದ ನಾಲ್ಕು ಬಗೆಯ ಡಬ್ಬಿಗಳಿದ್ದವು: ಒಂದು ನೀರು ಶುದ್ಧಿಗೆ, ಒಂದು ಕರುಳಿಗೆ, ಒಂದು ರೋಗನಿರೋಧಕ ಶಕ್ತಿಗೆ, ನಾಲ್ಕನೆಯದು ಏಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಇನ್ನೂ ಬೆಳಕು ಹರಿಯುವ ಮೊದಲು ನೀರಿನ ಆಮ್ಲಜನಕ ಲೀಟರಿಗೆ ಎರಡು ಮಿಲಿಗ್ರಾಂ ಕೂಡ ಇರಲಿಲ್ಲ. ನಾನು ಹೇಳಿದ್ದು ಇಷ್ಟೇ: ಮೂರು ದಿನ ಮೇವು ನಿಲ್ಲಿಸಿ, ರಾತ್ರಿ ಎರಡು ಗಂಟೆಯಿಂದ ಬೆಳಗಾಗುವವರೆಗೆ ಮೋಟರಿನಿಂದ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಚಿಮ್ಮಿಸಿ, ಮೀನು ಸುಧಾರಿಸಿಕೊಂಡ ಕೂಡಲೇ ಅರ್ಧವನ್ನು ಹಿಡಿದು ಮಾರಿಬಿಡಿ.

“ಅಷ್ಟೇನಾ ಸಾರ್? ಔಷ್ಧಿ ಏನೂ ಬರ್ಕೊಡಲ್ವಾ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮೋಸ ಹೋದಂಥ ಭಾವವಿತ್ತು. ಡಬ್ಬಿಗೆ ದುಡ್ಡು ಕೊಟ್ಟರೆ ಕೈಯಲ್ಲಿ ಡಬ್ಬಿಯಾದರೂ ಇರುತ್ತದೆ. ಮಾತಿಗೆ ದುಡ್ಡು ಕೊಟ್ಟರೆ ಏನಿರುತ್ತದೆ? ಸಾಲ ಮಾಡಿ ಮರಿ ಬಿಟ್ಟವರಿಗೆ ಸುಮ್ಮನಿರು, ಮೇವು ಹಾಕಬೇಡ ಎನ್ನುವ ಸಲಹೆ ಸಲಹೆಯಂತೆಯೇ ಕೇಳಿಸುವುದಿಲ್ಲ. ಬೆಳೆಗೆ ಹುಳ ಬಿದ್ದರೆ ಔಷಧಿ ಹೊಡೆಯುವುದು ರೂಢಿಯಾಗಿರುವ ಸೀಮೆಯಲ್ಲಿ ಮೀನು ಸತ್ತಾಗಲೂ “ಏನ್ ಹೊಡೀಬೇಕು ಹೇಳ್ರಿ ಸರ” ಎಂದೇ ಮಾತು ಶುರುವಾಗುತ್ತದೆ. ಮೇವು ನಿಲ್ಲಿಸುವುದೇಕೆ ಎಂದರೆ, ತಿಂದದ್ದನ್ನು ಅರಗಿಸಲು ಮೀನಿಗೆ ಇನ್ನಷ್ಟು ಆಮ್ಲಜನಕ ಬೇಕು, ತಿನ್ನದೆ ಉಳಿದದ್ದು ಕೊಳೆಯಲು ಅದಕ್ಕೂ ಆಮ್ಲಜನಕ ಬೇಕು; ಅದನ್ನು ಹೇಳಿದೆ. ಮೋಟರಿನ ಮಾತು ಅವರಿಗೆ ಹಿಡಿಸಿತು, ಏಕೆಂದರೆ ಅದರಲ್ಲಿ ಮಾಡುವುದಕ್ಕೆ ಒಂದು ಕೆಲಸವಿತ್ತು.

ಅಮೋನಿಯದ ವಿಷಯದಲ್ಲಿ ಚಿತ್ರದುರ್ಗದ ನೀರಿಗೆ ತನ್ನದೇ ಆದ ತೊಡಕಿದೆ. ಅಲ್ಲಿನ ಕೊಳವೆಬಾವಿಗಳ ನೀರು ಗಡಸು, ಕ್ಷಾರೀಯ. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅದರಲ್ಲಿ ಒಂದು ಮಾತ್ರ ಕಿವಿರಿನ ಮೂಲಕ ನೇರವಾಗಿ ರಕ್ತಕ್ಕೆ ಇಳಿಯುವ ವಿಷ. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಅಳತೆಯಾದ ಪಿಎಚ್ 7 ಇದ್ದಾಗ ಆ ವಿಷರೂಪ ಒಟ್ಟು ಅಮೋನಿಯದ ಶೇ 1ರಷ್ಟೂ ಇರುವುದಿಲ್ಲ. 30 ಡಿಗ್ರಿ ಬಿಸಿಯಲ್ಲಿ ಪಿಎಚ್ 9ಕ್ಕೆ ಏರಿದರೆ ಅದು ಶೇ 40ನ್ನು ದಾಟುತ್ತದೆ. ಹಸಿರು ನೀರಿನ ಹೊಂಡದಲ್ಲಿ ಮಧ್ಯಾಹ್ನದ ಮೂರು ಗಂಟೆಗೆ ಪಿಎಚ್ 9 ಆಗುವುದು ಅಪರೂಪವೇನಲ್ಲ. ಅಂದರೆ ಬೆಳಿಗ್ಗೆ ಉಸಿರುಗಟ್ಟುವ ಮೀನು ಸಂಜೆಯೊಳಗೆ ವಿಷವನ್ನೂ ಕುಡಿಯುತ್ತದೆ. ನೀರಿನ ಒಟ್ಟು ಅಮೋನಿಯ ಮಾತ್ರ ಎರಡು ಹೊತ್ತಿನಲ್ಲೂ ಅಷ್ಟೇ ಇರುತ್ತದೆ. ಪರೀಕ್ಷೆಯ ಅಂಕಿಯನ್ನು ಗಡಿಯಾರ ನೋಡದೆ ಓದಬಾರದು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದುದು ಇದಕ್ಕೇ.

ಇನ್ನು ಮೀನಿನ ಪರೀಕ್ಷೆ. ನನ್ನ ಮೇಜಿನ ಸುತ್ತ ಯಾವಾಗಲೂ ಲವಂಗದ ವಾಸನೆ ಇರುತ್ತದೆ. ಲವಂಗದ ಎಣ್ಣೆ ಮೀನಿಗೆ ಅರಿವಳಿಕೆ. ಪ್ರಮಾಣ ಹೆಚ್ಚಿಸಿದರೆ ನೋವಿಲ್ಲದ ಸಾವು. ಮೊದಲು ಬರಿಗಣ್ಣಿನಿಂದ ಇಡೀ ಮೈ ನೋಡುವುದು: ಹುರುಪೆಗಳು ನಿಮಿರಿವೆಯೇ, ಕಣ್ಣು ಉಬ್ಬಿದೆಯೇ, ಗುದದ್ವಾರ ಕೆಂಪಾಗಿದೆಯೇ, ರೆಕ್ಕೆಯ ಬುಡದಲ್ಲಿ ರಕ್ತ ಕಟ್ಟಿದೆಯೇ. ಆಮೇಲೆ ಗಾಜಿನ ಪಟ್ಟಿಯ ಅಂಚಿನಿಂದ ಮೈಮೇಲಿನ ಲೋಳೆಯನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗೆ ಇಡುವುದು. ಕಿವಿರಿನ ಮುಚ್ಚಳ ಕತ್ತರಿಸಿ ತೆಗೆದರೆ ಆರೋಗ್ಯವಂತ ಮೀನಿನಲ್ಲಿ ಕಡುಕೆಂಪು ಎಳೆಗಳು ಬಾಚಣಿಗೆಯ ಹಲ್ಲಿನಂತೆ ಒಂದಕ್ಕೊಂದು ಅಂಟದೆ ಸಾಲಾಗಿ ನಿಂತಿರುತ್ತವೆ. ಕಾಯಿಲೆಯ ಮೀನಿನಲ್ಲಿ ಅವು ಬಿಳಿಚಿಕೊಂಡು, ಲೋಳೆಯಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಎಳೆಯ ತುಣುಕನ್ನು ಹನಿ ನೀರಿನಲ್ಲಿಟ್ಟು, ಮೇಲೊಂದು ಕವರ್ ಸ್ಲಿಪ್ ಇಟ್ಟು ನೋಡಿದರೆ, ಚಪ್ಪಟೆಹುಳುಗಳಾದ ಡ್ಯಾಕ್ಟಿಲೊಗೈರಸ್‌ಗಳು ಬಾಲದ ಕೊಕ್ಕೆಗಳನ್ನು ಅಂಗಾಂಶಕ್ಕೆ ಚುಚ್ಚಿ ಹಿಡಿದು, ತಲೆಯ ಕಡೆಯನ್ನು ಅತ್ತಿತ್ತ ಚಾಚಿ ಹಿಂದಕ್ಕೆಳೆದುಕೊಳ್ಳುವುದು ಕಾಣುತ್ತದೆ. ಅವುಗಳ ತಲೆಯಲ್ಲಿ ನಾಲ್ಕು ಕಪ್ಪು ಕಣ್ಣುಚುಕ್ಕೆಗಳಿರುತ್ತವೆ. ಅದನ್ನು ಮೊದಲ ಬಾರಿ ನೋಡಿದ ರೈತರು ಸೂಕ್ಷ್ಮದರ್ಶಕವನ್ನು ಬಿಟ್ಟುಕೊಡುವುದೇ ಇಲ್ಲ. ಪಕ್ಕದಲ್ಲಿ ನಿಂತ ಮಗನನ್ನು ಕರೆದು ತೋರಿಸುತ್ತಾರೆ.

ಆದರೆ ಹುಳು ಕಂಡ ಮಾತ್ರಕ್ಕೆ ಕಾರಣ ಕಂಡಂತಲ್ಲ. ಕೆರೆಯ ಪ್ರತಿ ಗೆಂಡೆಯ ಮೈಮೇಲೂ ಒಂದಷ್ಟು ಪರಾವಲಂಬಿಗಳು ಇದ್ದೇ ಇರುತ್ತವೆ. ಒಂದು ಕಿವಿರಿನಲ್ಲಿ ಮೂರು ಹುಳುಗಳಿದ್ದರೆ ಅದು ಸುದ್ದಿಯಲ್ಲ, ನೋಡಿದಲ್ಲೆಲ್ಲ ಹುಳುಗಳೇ ತುಂಬಿದ್ದರೆ ಅದು ಸುದ್ದಿ. ಎಲ್ಲಿಂದ ಎಲ್ಲಿಗೆ ಗೆರೆ ಎಳೆಯಬೇಕು ಎಂಬುದನ್ನು ಪುಸ್ತಕ ಕಲಿಸುವುದಿಲ್ಲ. ಆರೋಗ್ಯವಂತ ಮೀನುಗಳನ್ನು ಸಾಕಷ್ಟು ಕೊಯ್ದವರಿಗೆ ಮಾತ್ರ ಅದು ತಿಳಿಯುತ್ತದೆ.

ಹೊಟ್ಟೆ ತೆರೆದ ಮೇಲೆ ನೋಡುವ ಕ್ರಮ ಎಲ್ಲ ಪ್ರಾಣಿಗಳಂತೆಯೇ ಎಂದುಕೊಂಡವರಿಗೆ ಮೀನು ಅಚ್ಚರಿ ಹುಟ್ಟಿಸುತ್ತದೆ. ಮೀನಿಗೆ ರಕ್ತ ತಯಾರಿಸುವ ಮೂಳೆಮಜ್ಜೆ ಇಲ್ಲ, ದುಗ್ಧಗ್ರಂಥಿಗಳಿಲ್ಲ. ಬೆನ್ನುಮೂಳೆಗೆ ಅಂಟಿಕೊಂಡಂತೆ ಇರುವ ಮೂತ್ರಪಿಂಡದ ಮುಂಭಾಗವೇ ರಕ್ತಕಣಗಳನ್ನು ತಯಾರಿಸುತ್ತದೆ. ಮೀನಿನ ಕೆಂಪು ರಕ್ತಕಣಗಳಲ್ಲಿ ನಮ್ಮವುಗಳಲ್ಲಿ ಇಲ್ಲದ ಕೋಶಕೇಂದ್ರವಿರುತ್ತದೆ. ಬ್ಯಾಕ್ಟೀರಿಯಾ ಬೆಳೆಸಲು ಮಾದರಿ ತೆಗೆಯುವುದೂ ಆ ಮೂತ್ರಪಿಂಡದಿಂದಲೇ. ಸುಟ್ಟ ತಂತಿಯ ತುದಿಯಿಂದ ಮುಟ್ಟಿ, ತಟ್ಟೆಯ ಮೇಲೆ ಗೆರೆ ಎಳೆದು, ಮನುಷ್ಯರ ಮಾದರಿಗಳಂತೆ 37 ಡಿಗ್ರಿಯಲ್ಲಿ ಇಡದೆ, ಕೆರೆಯ ನೀರಿನ ಬಿಸಿಗೆ ಸಮನಾದ 28ರಿಂದ 30 ಡಿಗ್ರಿಯಲ್ಲಿ ಇಡಬೇಕು. ಉಳಿದ ತುಣುಕುಗಳು ಶೇ 10ರ ಫಾರ್ಮಲಿನ್ ದ್ರಾವಣಕ್ಕೆ ಹೋಗುತ್ತವೆ. ಅಂಗಾಂಶದ ಹತ್ತು ಪಟ್ಟು ದ್ರಾವಣ ಇರಬೇಕು. ಜಿಪುಣತನ ಮಾಡಿದರೆ ಒಳಗೆ ಕೊಳೆಯುತ್ತದೆ. ಅಲ್ಲಿಂದ ಆಲ್ಕೊಹಾಲು, ಝೈಲೀನು, ಕರಗಿದ ಮೇಣ. ಆಮೇಲೆ ಐದು ಮೈಕ್ರಾನಿನ ಪದರಗಳಾಗಿ ಕೊಯ್ದು, ಬಣ್ಣ ಹಾಕಿದರೆ ಕೋಶಕೇಂದ್ರಗಳು ನೀಲಿಯಾಗಿ, ಉಳಿದ ಭಾಗ ಗುಲಾಬಿಯಾಗಿ ಕಾಣುತ್ತದೆ. ಇದಕ್ಕೆ ಕೆಲವು ದಿನ ಬೇಕು. ಫಾರ್ಮಲಿನ್ ಹೊಗೆಗೆ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಕೈಗವಸು ಹಾಕದವರ ಬೆರಳಿನ ಗಾಯಕ್ಕೆ ಮೀನಿನ ಮೈಕೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮೆತ್ತಿಕೊಂಡರೆ ತಿಂಗಳುಗಟ್ಟಲೆ ಮಾಯದ ಗಂಟಾಗುತ್ತದೆ.

ಔಷಧ ಬೇಡ ಎನ್ನುವ ಮಾತಿಗೆ ಬೆಲೆ ಬರುವುದು ಬೇಕಾದಾಗ ಬೇಕು ಎನ್ನಲು ಬಂದರೆ ಮಾತ್ರ. ಆರ್ಗುಲಸ್ ಎಂಬ ಮೀನುಹೇನು ಬರಿಗಣ್ಣಿಗೆ ಕಾಣುತ್ತದೆ, ಪಾರದರ್ಶಕವಾದ ಚಪ್ಪಟೆ ಬಿಲ್ಲೆಯ ಆಕಾರ, ಮೀನಿನ ಮೈಮೇಲೆ ಓಡಾಡುತ್ತದೆ. ಅದಕ್ಕೆ ಕೀಟನಾಶಕವನ್ನೇ ನೀರಿಗೆ ಸುರಿಯುವವರಿದ್ದಾರೆ. ಅದರಿಂದ ಹೇನಿನ ಜೊತೆಗೆ ಮೀನಿಗೆ ಆಹಾರವಾದ ಪ್ರಾಣಿಪ್ಲವಕವೂ (ನೀರಿನಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳು) ಸಾಯುತ್ತದೆ, ಗಟ್ಟಿ ಮೇಲ್ಮೈಗೆ ಅಂಟಿಸಿದ ಹೇನಿನ ಮೊಟ್ಟೆಗಳು ಉಳಿಯುತ್ತವೆ. ಆ ಮೊಟ್ಟೆಯಿಡುವ ಅಭ್ಯಾಸವನ್ನೇ ಹಿಡಿದು, ಹೊಂಡದಲ್ಲಿ ಬಿದಿರಿನ ಗಳುಗಳನ್ನು ನೆಟ್ಟು, ಅವುಗಳ ಮೇಲೆ ಮೊಟ್ಟೆ ಇಡಿಸಿ, ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಹಾಕುವುದು ಹಳೆಯ, ಅಗ್ಗದ ಉಪಾಯ. ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾ ಮೈಯೊಳಗೆ ಇಳಿದಿರುವುದು ಪರೀಕ್ಷೆಯಿಂದ ಖಾತ್ರಿಯಾದರೆ ಪ್ರತಿಜೀವಕದ ಮಾತು ಬರುತ್ತದೆ. ಆಗಲೂ ಯಾವುದಕ್ಕೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ತಟ್ಟೆಯ ಮೇಲೆ ನೋಡಿ, ಮೇವಿನಲ್ಲಿ ಬೆರೆಸಿ, ಕೊಟ್ಟ ಮೇಲೆ ಮಾರಾಟಕ್ಕೆ ಮುನ್ನ ಸಾಕಷ್ಟು ದಿನ ಬಿಡಬೇಕು. ಕ್ಲೋರಾಂಫೆನಿಕಾಲ್, ನೈಟ್ರೊಫ್ಯೂರಾನ್ ಗುಂಪಿನವು ನಮ್ಮ ದೇಶದ ಮೀನು ಕೃಷಿಯಲ್ಲಿ ನಿಷಿದ್ಧ. ಒಂದು ಕಷ್ಟವಿದೆ: ರೋಗ ಹಿಡಿದ ಮೀನು ಮೇವು ತಿನ್ನುವುದಿಲ್ಲ, ಮೇವಿನಲ್ಲಿ ಹಾಕಿದ ಔಷಧವನ್ನು ತಿನ್ನುವುದು ಆರೋಗ್ಯವಂತ ಮೀನೇ. ತಡವಾಗಿ ಕೊಟ್ಟ ಔಷಧ ಕೆರೆಗೆ ಕೊಟ್ಟಂತೆ ಎನ್ನುವುದು ಇದರಿಂದಲೇ.

ದಾವಣಗೆರೆ, ಚಿತ್ರದುರ್ಗ ಈ ಎರಡು ಜಿಲ್ಲೆಗಳಲ್ಲಿ ನೀರಿನ ಸ್ವಭಾವ ಬೇರೆ ಬೇರೆ, ಹಾಗಾಗಿ ಕಾಯಿಲೆಗಳೂ ಬೇರೆ. ದಾವಣಗೆರೆಯ ಕಡೆ ಭದ್ರಾ ನಾಲೆಯ ನೀರು ಬರುವ ಕೆರೆಗಳಲ್ಲಿ ಭತ್ತದ ಗದ್ದೆಗಳಿಂದ ಬಸಿದು ಬರುವ ನೀರಿನ ಮೇಲೆ ಕಣ್ಣಿಡಬೇಕು. ನಾಟಿಯ ನಂತರ ಔಷಧಿ ಹೊಡೆಯುವ ಹೊತ್ತಿಗೆ ಮಳೆ ಬಂದರೆ ಮರುದಿನದ ಫೋನಿಗೆ ನಾನು ಸಿದ್ಧನಾಗಿರುತ್ತೇನೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ವಿಸ್ತಾರವಾದ ನೀರಿನಲ್ಲಿ ಮೀನಿಗೆ ಓಡಿಹೋಗಲು ಜಾಗವಿದೆ. ಅಲ್ಲಿ ಇಡೀ ಕೆರೆಯೇ ಹಾಳಾಯಿತೆಂಬ ದೂರು ಅಪರೂಪ. ಚಿತ್ರದುರ್ಗದ ಮಳೆಯಾಶ್ರಿತ ಕೆರೆಗಳ ಕಥೆ ಬೇರೆ. ವರ್ಷದಿಂದ ವರ್ಷಕ್ಕೆ ನೀರು ತಗ್ಗುತ್ತ ಹೋದಂತೆ ಅಷ್ಟೇ ಮೀನು ಚಿಕ್ಕ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತದೆ, ಪರಾವಲಂಬಿಗಳಿಗೆ ಒಂದರಿಂದ ಇನ್ನೊಂದಕ್ಕೆ ದಾಟಲು ದೂರವೇ ಇರುವುದಿಲ್ಲ. ಪೂರ್ತಿ ಒಣಗಿದರೆ ಮೀನುಗಾರರಿಗೆ ನಷ್ಟ. ರೋಗಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಬಿಸಿಲು ಕಂಡ ಕೆರೆಯಂಗಳದಷ್ಟು ಶುದ್ಧವಾದದ್ದು ಇನ್ನೊಂದಿಲ್ಲ. 1907ರಲ್ಲಿ ಕಟ್ಟಿ ಮುಗಿದ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಜನ ಬಾಗಿನ ಅರ್ಪಿಸಲು ನೆರೆದಾಗ ನನ್ನಂಥವರ ತಲೆಯಲ್ಲಿ ಓಡುತ್ತಿದ್ದುದು ಬೇರೆ ಲೆಕ್ಕ: ದಶಕಗಳಿಂದ ಒಣಗಿದ್ದ ಅಂಚಿನ ನೆಲದ ಜಾಲಿ, ಹುಲ್ಲು, ಬೆಳೆಯ ಕೂಳೆ ಎಲ್ಲ ಮುಳುಗಿ ಕೊಳೆಯುವಾಗ ಆ ಅಂಚಿನ ನೀರಿನ ಆಮ್ಲಜನಕ ಎಷ್ಟಿರುತ್ತದೆ ಎಂಬುದು.

ಮಳೆಗಾಲ ಮುಗಿದು ಚಳಿ ಇಳಿಯುವ ಹೊತ್ತಿಗೆ ಬರುವ ಹುಣ್ಣಿನ ರೋಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1971ರಲ್ಲಿ ಜಪಾನಿನಲ್ಲಿ ಮೊದಲು ವರದಿಯಾಗಿ, ಏಷ್ಯಾದ ಉದ್ದಗಲಕ್ಕೂ ಹರಡಿ, 1988ರಲ್ಲಿ ನಮ್ಮ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಕಾಲಿಟ್ಟ ಈ ರೋಗಕ್ಕೆ ಅಫನೊಮೈಸಿಸ್ ಇನ್ವಡನ್ಸ್ ಎಂಬ, ಶಿಲೀಂಧ್ರದಂತೆ ಕಾಣುವ ಜೀವಿ ಕಾರಣ. ಕೊರವ ಮೀನಿನ ಮೈಮೇಲೆ ಮೊದಲು ಕೆಂಪು ಮಚ್ಚೆ, ಆಮೇಲೆ ಮಾಂಸ ಕಾಣುವ ಹುಣ್ಣು. ಕೆಲವೊಮ್ಮೆ ತಲೆಬುರುಡೆಯವರೆಗೂ ಕೊರೆದಿರುತ್ತದೆ. ಅದೇ ನೀರಿನ ಸಾಮಾನ್ಯ ಗೆಂಡೆಗೂ ತಿಲಾಪಿಯಕ್ಕೂ ಏನೂ ಆಗಿರುವುದಿಲ್ಲ, ಅವು ಈ ರೋಗಕ್ಕೆ ಬಗ್ಗುವುದಿಲ್ಲ. ಯಾವ ಮೀನು ಚೆನ್ನಾಗಿದೆ ಎಂಬುದೇ ಇಲ್ಲಿ ರೋಗದ ಗುರುತು. ಸಂತೆಯಲ್ಲಿ ಆ ಸುದ್ದಿ ಹಬ್ಬಿದರೆ ಎಲ್ಲ ಮೀನಿನ ಬೆಲೆಯೂ ಬೀಳುತ್ತದೆ, ಆದ್ದರಿಂದ ಗುತ್ತಿಗೆದಾರರು ಅದನ್ನು ಮುಚ್ಚಿಡಲು ನೋಡುತ್ತಾರೆ. ಮನುಷ್ಯರಿಗೆ ಹರಡದ ರೋಗವಿದು ಎಂದು ಎಷ್ಟು ಸಲ ಹೇಳಿದರೂ ಹುಣ್ಣು ಕಂಡ ಮೀನನ್ನು ಯಾರೂ ಕೊಳ್ಳುವುದಿಲ್ಲ, ನಾನೂ ಕೊಳ್ಳುವುದಿಲ್ಲ.

ಈ ದಾರಿಗೆ ಬರುವುದು ಹೇಗೆ ಎಂದು ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಂದಿರು ಕೇಳುತ್ತಾರೆ. ಸಿಇಟಿ ಮೂಲಕ ನಾಲ್ಕು ವರ್ಷದ ಬಿ.ಎಫ್.ಎಸ್‌ಸಿ. (ಮೀನುಗಾರಿಕೆ ವಿಜ್ಞಾನ) ಪದವಿ, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ದೇಶದಲ್ಲಿಯೇ ಮೊದಲನೆಯದು. ಅದಾದ ಮೇಲೆ ಜಲಚರಗಳ ಆರೋಗ್ಯ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ, ಮಂಗಳೂರಿನಲ್ಲಿಯೋ ಮುಂಬೈಯ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯಲ್ಲಿಯೋ. ಸಂಶೋಧನೆಗೆ ಹೋಗುವವರಿಗೆ ಪಿಎಚ್.ಡಿ. ಪಶುವೈದ್ಯರಾಗಿ ಬಂದು ಈ ಕಡೆ ತಿರುಗಿದವರೂ ಇದ್ದಾರೆ. ಕೆಲಸಗಳಿರುವುದು ಮೀನುಗಾರಿಕೆ ಇಲಾಖೆಯಲ್ಲಿ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಸಂಸ್ಥೆಗಳಲ್ಲಿ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಮೇವು ಮತ್ತು ಔಷಧ ಕಂಪನಿಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಆಂಧ್ರದ ಸಿಗಡಿ ಮರಿ ಉತ್ಪಾದನಾ ಕೇಂದ್ರಗಳಲ್ಲಿ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ವೈರಸ್ ಪೂರ್ವ ಕರಾವಳಿಯ ಸಿಗಡಿ ಹೊಂಡಗಳನ್ನು ಬರಿದು ಮಾಡಿದ ಮೇಲೆ ವೈರಸ್ಸನ್ನು ಅದರ ಡಿಎನ್‌ಎಯಿಂದ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಬಲ್ಲವರಿಗೆ ಬೇಡಿಕೆ ಬಂತು. ಇವತ್ತಿಗೂ ಹಣ ಇರುವುದು ಅಲ್ಲಿಯೇ. ಒಳನಾಡಿನ ಗೆಂಡೆ ಮೀನಿನ ರೋಗ ನೋಡಿಕೊಂಡು ದಾವಣಗೆರೆಯಲ್ಲಿ ಮನೆ ನಡೆಸುತ್ತೇನೆ ಎನ್ನುವವರು ನೀರು ಪರೀಕ್ಷೆ, ಮರಿಗಳ ತಪಾಸಣೆ, ತರಬೇತಿ, ಹೀಗೆ ನಾಲ್ಕು ಕಡೆ ಕೈ ಹಾಕಬೇಕಾಗುತ್ತದೆ. ಕಂಪನಿಯ ಕೆಲಸದಲ್ಲಿ ಸಂಬಳ ಚೆನ್ನಾಗಿರುತ್ತದೆ, ಆದರೆ ಡಬ್ಬಿ ಮಾರುವವರ ಸಂಬಳ ಪಡೆದು ಡಬ್ಬಿ ಬೇಡ ಎನ್ನುವುದು ಕಷ್ಟ. ಹೇಳಿದ್ದನ್ನು ಕೇಳಿ ಕೆಲವು ತಂದೆತಾಯಂದಿರು ನರ್ಸಿಂಗ್ ಬಗ್ಗೆ ವಿಚಾರಿಸತೊಡಗುತ್ತಾರೆ.

ಲಖನೌದ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಸಂಸ್ಥೆಯ ಮುಂದಾಳತ್ವದಲ್ಲಿ 2013ರಿಂದ ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ನಡೆಯುತ್ತಿದೆ. 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಆ್ಯಪ್ ಕೂಡ ಬಂದಿದೆ. ಒಳ್ಳೆಯ ಕೆಲಸ. ಇಂಥ ಜಾಲಕ್ಕೆ ಮಾಹಿತಿ ಬರುವುದು ಕೊನೆಗೂ ದಂಡೆಯ ಮೇಲೆ ನಿಂತವರು ಬಾಯಿಬಿಟ್ಟರೆ ಮಾತ್ರ. ಬೆಲೆ ಬೀಳುವ ಭಯಕ್ಕೆ ಯಾರೂ ಹೇಳದಿದ್ದರೆ ಹೊಸ ವೈರಸ್ಸೊಂದು ಮೀನುಮರಿಯ ಲಾರಿಯಲ್ಲಿ ಕುಳಿತು ಜಿಲ್ಲೆಗಳನ್ನು ದಾಟಿರುತ್ತದೆ. ಮರಿ ಕೊಳ್ಳುವಾಗ ಎಣಿಕೆ ನೋಡುವವರೇ ಹೆಚ್ಚು. ನಾಲ್ಕು ಮರಿಯನ್ನು ಕೊಯ್ದು ಕಿವಿರು ನೋಡಿಸಿ ಆಮೇಲೆ ಕೆರೆಗೆ ಬಿಡಿ ಎಂದು ನಾನು ಮೀನುಗಾರರ ಸಂಘಗಳಿಗೆ ಹೇಳುತ್ತಲೇ ಇರುತ್ತೇನೆ. ಕೆಲವು ಸಂಘಗಳು ಈಗ ಒಪ್ಪಿಕೊಂಡಿವೆ.

ಎಲ್ಲಕ್ಕಿಂತ ಜಟಿಲವಾದ ಕೆಲಸ ವರದಿ ಬರೆಯುವುದು. 1980ರ ದಶಕದಲ್ಲಿ ಹರಿಹರದ ಆಸುಪಾಸಿನಲ್ಲಿ ತುಂಗಭದ್ರೆಯ ಮೀನುಗಳು ರಾಶಿರಾಶಿಯಾಗಿ ಸತ್ತು, ನದಿಯ ಮಾಲಿನ್ಯದ ವಿರುದ್ಧ ದೊಡ್ಡ ಜನಹೋರಾಟವೇ ನಡೆದ ಸೀಮೆ ಇದು. ಮೀನು ಏಕೆ ಸತ್ತಿತು ಎಂಬ ಪ್ರಶ್ನೆಗೆ ಇಲ್ಲಿ ಹಣದ, ಹೊಣೆಯ, ಕೆಲವೊಮ್ಮೆ ನ್ಯಾಯಾಲಯದ ತೂಕವಿರುತ್ತದೆ. ಗುತ್ತಿಗೆ ಹಣದಲ್ಲಿ ರಿಯಾಯಿತಿ ಕೇಳಲು ‘ರೋಗ’ ಎಂದು ಬರೆಸಿಕೊಳ್ಳಬೇಕೆಂದು ಒಬ್ಬರು ಬರುತ್ತಾರೆ. ಪಕ್ಕದ ತೋಟದವರ ಮೇಲೆ ದೂರು ಕೊಡಲು ‘ವಿಷ’ ಎಂದು ಬರೆಸಿಕೊಳ್ಳಬೇಕೆಂದು ಇನ್ನೊಬ್ಬರು. ಕೀಟನಾಶಕವನ್ನು ಅಂಗಾಂಶದಲ್ಲಿ ಗುರುತಿಸಲು ಬೇರೆಯೇ ಪ್ರಯೋಗಾಲಯ ಬೇಕು, ಮೀನನ್ನು ಸತ್ತ ಕೂಡಲೇ ಮಂಜುಗಡ್ಡೆಯಲ್ಲಿಟ್ಟಿರಬೇಕು, ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದಕ್ಕೆ ದಾಖಲೆ ಇರಬೇಕು. ನನ್ನ ಬಳಿಗೆ ಬರುವ ಪ್ರಕರಣಗಳಲ್ಲಿ ಈ ಮೂರೂ ಒಟ್ಟಿಗೆ ಇರುವುದು ಕಡಿಮೆ. ಕಂಡದ್ದನ್ನು ಕಂಡಷ್ಟೇ ಬರೆದು, ಕೊನೆಯ ಸಾಲಿನಲ್ಲಿ ‘ಲಭ್ಯವಿರುವ ಮಾದರಿಯಿಂದ ಸಾವಿನ ಕಾರಣವನ್ನು ಖಚಿತಪಡಿಸಲು ಸಾಧ್ಯವಾಗಿಲ್ಲ’ ಎಂದು ಸೇರಿಸಿ ಸಹಿ ಹಾಕುತ್ತೇನೆ. ವರದಿ ಕೈಗೆ ತೆಗೆದುಕೊಂಡವರು ಅಲ್ಲಿಯೇ ನಿಂತು ಆ ಸಾಲನ್ನು ಎರಡು ಸಲ ಓದಿ, ಇದಕ್ಕೆ ಫೀಸೇಕೆ ಕೊಡಬೇಕು ಎಂದು ಕೇಳಿದ್ದೂ ಉಂಟು. ಹಾಗೆ ಕೇಳಿದ ಒಬ್ಬರು ಅರ್ಧ ಕೊಟ್ಟು ಹೋದರು. ಮುಂದಿನ ಬೇಸಿಗೆಯಲ್ಲಿ ಅವರದೇ ಫೋನು ಬಂತು, ಬೆಳಗಿನ ಐದು ಗಂಟೆಗೆ, ಮೀನುಗಳು ಇನ್ನೂ ಬದುಕಿರುವಾಗ.